ಶುದ್ಧ ಉಪ್ಪಿನ ಮಾಸ್ತರರು

ಹೋದ ತಿಂಗಳು ಬಾಗಲಕೋಟೆಯಲ್ಲಿ ನಮ್ಮ ರಸಾಯನಶಾಸ್ತ್ರದ ಮಾಸ್ತರರಿಗಾಗಿ ದುಃಖಸೂಚಕ ಸಭೆ ನಡೆಯಿತು. ಮಾತನಾಡಿದವರು ಏಳು ಮಂದಿ. ಅವರಲ್ಲಿ ಐವರು ಮಾಸ್ತರರನ್ನು ಕಣ್ಣಿನಿಂದ ನೋಡಿದವರಲ್ಲ, ಉಳಿದಿಬ್ಬರು ನೋಡಿದರೆ ಸಾಕು ಓಡಿಹೋಗುತ್ತಿದ್ದವರು. ಒಬ್ಬ ವಕೀಲರು ಎದ್ದು ನಿಂತು, "ಅವರ ಜೀವನ ಅವರು ತಯಾರಿಸಿದ ಉಪ್ಪಿನಷ್ಟೇ ಶುಭ್ರವಾಗಿತ್ತು" ಎಂದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಕೆಮ್ಮು ಬಂತು. ಆ ಉಪ್ಪನ್ನು ಬಾಯಿಗೆ ಹಾಕಿಕೊಂಡವರು ಊರಲ್ಲಿ ಎಷ್ಟು ಜನ ಎಂಬುದು ವಕೀಲರಿಗೆ ಗೊತ್ತಿಲ್ಲ. ನನಗೆ ಗೊತ್ತು. ಅದನ್ನು ಸಭೆಯಲ್ಲಿ ಹೇಳುವಂತಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ, ಕೈಯಲ್ಲಿ ಶಕ್ತಿಯಿದ್ದವರು.

ನಾನು ಅದೇ ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಈ ಶತಮಾನ ಇನ್ನೂ ಎಳೆಯದಾಗಿದ್ದ ಕಾಲ ಅದು. ಮಾಸ್ತರರು ಗಿಡ್ಡ ಆಳು, ರುಮಾಲು ಮಾತ್ರ ದೊಡ್ಡದು. ಕೋಟಿನ ತುಂಬ ತೇಜಾಬು, ಅಂದರೆ ಆಸಿಡ್, ಸಿಡಿದು ಬಿದ್ದ ತೂತುಗಳು. ಅವರ ಹೆಂಡತಿ ಒಮ್ಮೆ ಆ ತೂತುಗಳಿಗೆ ತೇಪೆ ಹಾಕಲು ಹೋದಾಗ ಮಾಸ್ತರರು ಎರಡು ದಿನ ಮಾತು ಬಿಟ್ಟಿದ್ದರಂತೆ. ಬೇರೆಯವರು ಪದಕ ತೋರಿಸುವ ಹಾಗೆ ಇವರು ತೂತು ತೋರಿಸುತ್ತಿದ್ದರು. ಪುಣೆಯ ಕಾಲೇಜಿನಲ್ಲಿ ಎರಡನೆಯ ವರ್ಷದವರೆಗೆ ಓದಿದ್ದರು. ಎರಡನೆಯ ವರ್ಷವನ್ನು ಎರಡು ಸಲ ಓದಿದ್ದರು. ಮೂರನೆಯ ಸಲ ಓದಲು ಕಾಲೇಜಿನವರು ಒಪ್ಪದ ಕಾರಣ ನಮ್ಮ ಊರಿಗೆ ಜ್ಞಾನ ಬಂತು.

ಅವರ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿ. ಶುದ್ಧ ಉಪ್ಪು ತಿನ್ನುವವರದೊಂದು, ರಾಡಿ ತಿನ್ನುವವರದೊಂದು. ಮೊದಲನೆಯ ಜಾತಿಯಲ್ಲಿ ಅವರೊಬ್ಬರೇ ಇದ್ದರು. ಕರಾವಳಿಯ ಕಡೆಯಿಂದ ಗೂಡ್ಸ್ ಗಾಡಿಯಲ್ಲಿ ಬಂದು, ಪೇಟೆಯ ಅಂಗಡಿಗಳ ಮುಂದೆ ಗೋಣಿಚೀಲದಲ್ಲಿ ಕುಳಿತು, ಮಳೆಗಾಲದಲ್ಲಿ ಬೆವರುತ್ತಿದ್ದ ಆ ಕಂದು ಹರಳುಪ್ಪನ್ನು ಕಂಡರೆ ಅವರ ಮುಖ ಹಾವು ಕಂಡವರ ಹಾಗಾಗುತ್ತಿತ್ತು. ಅದರಲ್ಲಿ ಉಪ್ಪಿನ ಜೊತೆ ಮ್ಯಾಗ್ನೇಸಿಯ, ಸುಣ್ಣ, ಗಂಧಕದ ಕ್ಷಾರ ಎಂಬ ಮೂವರು ಕಳ್ಳರು ಅಡಗಿದ್ದಾರೆ ಎಂಬುದು ಅವರ ನಿತ್ಯದ ಪಾಠ. ನೀರಿಗೆ ಕರಗಿಸಿ ಸೋಸಿದರೆ ಮಣ್ಣು ಹೋದೀತು, ಈ ಕಳ್ಳರು ಹೋಗುವುದಿಲ್ಲ. ಅವರೂ ನೀರಿನಲ್ಲಿ ಕರಗಿ ಕುಳಿತಿರುತ್ತಾರೆ. ಅವರನ್ನು ಹಿಡಿಯಲು ರಸಾಯನ ಕ್ರಿಯೆಯೇ ಆಗಬೇಕು.

ಆ ಕ್ರಿಯೆಯನ್ನು ಅವರು ಹೇಳುತ್ತಿದ್ದುದು ಹೀಗೆ. ಮೊದಲು ಉಪ್ಪಿನ ನೀರಿಗೆ ಮುಂಬಯಿಯಿಂದ ತರಿಸಿದ ಬೇರಿಯಂ ಎಂಬ ಬಿಳಿ ಪುಡಿ ಹಾಕಬೇಕು. ಅದು ಗಂಧಕದ ಕಳ್ಳನನ್ನು ತಬ್ಬಿಕೊಂಡು ತಳಕ್ಕೆ ಇಳಿಯುತ್ತದೆ. ಆದರೆ ಬೇರಿಯಂ ಸ್ವತಃ ವಿಷ. ಅದು ಒಂದಿಷ್ಟೂ ನೀರಿನಲ್ಲಿ ಉಳಿಯಬಾರದು. ಆದ್ದರಿಂದ ಆಮೇಲೆ ಬಟ್ಟೆ ಒಗೆಯುವ ಸೋಡಾ ಹಾಕಬೇಕು. ಸೋಡಾ ಉಳಿದಿಬ್ಬರು ಕಳ್ಳರನ್ನೂ ಹೆಚ್ಚಾದ ಬೇರಿಯಮ್ಮನ್ನೂ ಹಿಡಿದು ತಳಕ್ಕೆ ಕೂರಿಸುತ್ತದೆ. ಸೋಸಿದ ಮೇಲೆ ಉಳಿದ ಸೋಡಾವನ್ನು ಓಡಿಸಲು ನಾಲ್ಕು ಹನಿ ಉಪ್ಪಿನ ತೇಜಾಬು. ಆಗ ಬುಸ್ ಎಂದು ಬುರುಗು ಬರುತ್ತದೆ. ಆಮೇಲೆ ಬೋಗುಣಿಯಲ್ಲಿ ಕುದಿಸಿ ಪೂರ್ತಿ ಒಣಗಿಸಿದರೆ ಮಲ್ಲಿಗೆಯಂಥ ಉಪ್ಪು.

"ತಿಳೀತೇನ್ರಿ ಕನ್ನಡ ಮಾಸ್ತರ? ಮನಿಯಾಗಿನ ಕಳ್ಳನ್ನ ಹಿಡ್ಯಾಕ ಫೌಜದಾರನ್ನ ಕರಸಿದಂಗ ಈ ಬೇರಿಯಂ. ಕಳ್ಳ ಹೋದ ಮ್ಯಾಲ ಆ ಫೌಜದಾರನ್ನ ಮನಿಯಿಂದ ಹೊರಗ ಹಾಕೂದ ದೊಡ್ಡ ಕೆಲಸ. ಆ ಕೆಲಸಾ ಮಾಡಾವ ಸೋಡಾ. ಆ ಸೋಡಾ ತಾ ಹೋಗುವಾಗ ಬುರುಗು ಬಿಟ್ಟು ಹೋಗತಾನ, ನಾ ಇದ್ದೆ ಅಂತ ಸಾಕ್ಷಿಗೆ."

ಈ ಫೌಜದಾರನ ಕಥೆಯನ್ನು ನಾನು ವರ್ಷಕ್ಕೆ ಇಪ್ಪತ್ತು ಸಲವಾದರೂ ಕೇಳಿರಬೇಕು. ನನ್ನ ಪದ್ಯಗಳನ್ನು ಅವರು ಒಂದೇ ಸಲ ಕೇಳಿದ್ದರು. ಕೇಳಿ, "ಇವನ್ನ ಕುದಿಸಿದ್ರ ತಳದಾಗ ಏನೂ ಉಳಿಯಂಗಿಲ್ರಿ" ಎಂದಿದ್ದರು. ಇಬ್ಬರೂ ದಿನಾ ಸಂಜೆ ಜೊತೆಗೇ ತಿರುಗಾಡಲು ಹೋಗುತ್ತಿದ್ದೆವು. ಬೇರೆ ಯಾರೂ ನಮ್ಮ ಜೊತೆ ಬರುತ್ತಿರಲಿಲ್ಲ.

ಕಿಸೆಯಲ್ಲಿ ಅವರದೊಂದು ಬೆಳ್ಳಿಯ ಡಬ್ಬಿ. ನೋಡಿದವರು ನಶ್ಯ ಎಂದುಕೊಳ್ಳುತ್ತಿದ್ದರು. ಒಮ್ಮೆ ಹುನಗುಂದದಲ್ಲಿ ನಮ್ಮ ಹೆಡ್‌ಮಾಸ್ತರರ ಮಗಳ ಮದುವೆ. ಪಂಕ್ತಿಯಲ್ಲಿ ಕುಳಿತಿದ್ದೇವೆ. ಎಲೆಯ ಮೂಲೆಗೆ ಬಡಿಸಿದ ಉಪ್ಪನ್ನು ಮಾಸ್ತರರು ಕಡ್ಡಿಯಿಂದ ಚೇಳನ್ನು ಸರಿಸುವ ಹಾಗೆ ಎಲೆಯಾಚೆ ಸರಿಸಿದರು. ಡಬ್ಬಿ ತೆಗೆದು ತಮ್ಮ ಉಪ್ಪು ಉದುರಿಸಿಕೊಂಡರು. ಬೀಗರ ಕಡೆಯ ಮುದುಕಿಯೊಬ್ಬಳು ನೋಡಿದಳು.

"ಯಾಕಪ್ಪಾ, ನಮ್ಮ ಉಪ್ಪಿನ್ಯಾಗ ಏನ್ ತಪ್ಪೈತಿ?"

ಕೇಳಬಾರದ್ದನ್ನು ಕೇಳಿದಳು. ಮಾಸ್ತರರು ಮೂವರು ಕಳ್ಳರಿಂದ ಆರಂಭಿಸಿದರು. ಫೌಜದಾರ ಬರುವ ಹೊತ್ತಿಗೆ ಸಾರು ಆರಿತ್ತು, ಬುರುಗು ಬರುವ ಹೊತ್ತಿಗೆ ಎದುರಿನ ಪಂಕ್ತಿ ಎದ್ದುಹೋಗಿತ್ತು. ಮುದುಕಿ ಎಲ್ಲವನ್ನೂ ಗಮನವಿಟ್ಟು ಕೇಳಿ, ಪಕ್ಕದವಳಿಗೆ, "ಯಾರೋ ಮಾಟಾ ಮಾಡ್ಯಾರ ಪಾಪ, ಮದವಿ ಆಗೇತೋ ಇಲ್ಲೋ" ಎಂದಳು.

ಇನ್ನೊಂದು ಸಲ ಹುಡುಗರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆವು. ಗುಹೆಯ ಮುಂದೆ ನಿಂತು ನಾನು ನನ್ನ ಕೈಲಾದಷ್ಟು ವರ್ಣಿಸುತ್ತಿದ್ದೆ. ಕೆಂಪು ಬಂಡೆ, ಕೆಳಗೆ ಹಸಿರು ಕೆರೆ, ಹದಿನೆಂಟು ಕೈಗಳ ನಟರಾಜ. ಹಿಂದೆ ತಿರುಗಿ ನೋಡಿದರೆ ಮಾಸ್ತರರು ಗೋಡೆಯ ಬುಡದಲ್ಲಿ ಬಗ್ಗಿ, ಕಲ್ಲಿನಿಂದ ಒಸರಿದ ಬಿಳಿ ಪೊರೆಯನ್ನು ನಾಲಗೆಯಿಂದ ನೆಕ್ಕುತ್ತಿದ್ದಾರೆ. ಉಗುಳಿ, "ಸುಣ್ಣ ಐತ್ರಿ, ಸೋಡಾ ಇಲ್ಲ" ಎಂದರು. ಆಮೇಲೆ ಹುಡುಗರು ಬರೆದ ಪ್ರಬಂಧಗಳಲ್ಲಿ ನಟರಾಜ ಒಂದರಲ್ಲೂ ಇರಲಿಲ್ಲ. ಎಲ್ಲರೂ ಮಾಸ್ತರರು ನೆಕ್ಕಿದ್ದನ್ನೇ ಬರೆದಿದ್ದರು. ನಾನು ಒಳ್ಳೆಯ ಅಂಕ ಕೊಟ್ಟೆ. ಕಣ್ಣಿನಿಂದ ಕಂಡದ್ದನ್ನು ಬರೆದಿದ್ದರು.

ನಾ ತಪ್ಪಿದೆ ಎಂದು ಅವರು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರಯೋಗ ಕೆಟ್ಟರೆ ಗಾಜು ಸರಿಯಿಲ್ಲ, ಒಲೆ ಸರಿಯಿಲ್ಲ, ಮುಂಬಯಿಯ ಅಂಗಡಿಯವನು ಸರಿಯಿಲ್ಲ. ಏನೂ ಸಿಗದಿದ್ದರೆ ಸಂಗಪ್ಪ ಸರಿಯಿಲ್ಲ.

ಸಂಗಪ್ಪ ಶಾಲೆಯ ಜವಾನ. ತುಳಸಿಗೇರಿಯವನು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ "ಹೌದ್ರಿ". ಮಾಸ್ತರರು ದಿನಕ್ಕೆ ಹತ್ತು ಸಲ ಅವನನ್ನು ದಡ್ಡ ಎನ್ನುತ್ತಿದ್ದರು, ಅವನು ಹತ್ತು ಸಲವೂ ಅದನ್ನು ವಿಜ್ಞಾನದ ಮಾತೆಂದೇ ಒಪ್ಪಿಕೊಳ್ಳುತ್ತಿದ್ದ. ಅವರ ಉಪ್ಪಿನ ಪಾಠ ನಡೆಯುವಾಗ ಬಾಗಿಲಿಗೆ ಆತು ನಿಂತು, ಪುರಾಣ ಕೇಳುವವರ ಹಾಗೆ ಕೈಕಟ್ಟಿ ಕೇಳುತ್ತಿದ್ದ. ಬಾಗಲಕೋಟೆಯಲ್ಲಿ ಮಾಸ್ತರರ ಪಾಠವನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಇನ್ನೊಬ್ಬರಿಲ್ಲ. ಆದರೆ ಅವನಿಗೆ ಪಾಠ ಹೇಳುತ್ತಿದ್ದೇನೆ ಎಂಬುದೇ ಮಾಸ್ತರರಿಗೆ ಗೊತ್ತಿರಲಿಲ್ಲ.

ಪ್ರತಿವರ್ಷ ದಸರೆಯ ದಶಮಿಗೆ ಅವರದೊಂದು ವ್ರತವಿತ್ತು. ಊರವರೆಲ್ಲ ಮನೆಮನೆಗೆ ಹೋಗಿ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿ ಬರುತ್ತಾರೆ. ಮಾಸ್ತರರು ಬನ್ನಿಯ ಎಲೆಯ ಜೊತೆ ಒಂದು ಪೊಟ್ಟಣ ಶುದ್ಧ ಉಪ್ಪು ಕೊಡುತ್ತಿದ್ದರು. ಇಪ್ಪತ್ತೊಂದು ಮನೆ, ಎಲ್ಲವೂ ಪ್ರತಿಷ್ಠಿತರವು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು, ದೀಪ ಹಚ್ಚುವ ಹೊತ್ತಿನಲ್ಲಿ ಉಪ್ಪು ಮನೆ ದಾಟಬಾರದು ಎಂದು ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಮಾಸ್ತರರು ಬೇಕೆಂದೇ ದೀಪ ಹಚ್ಚುವ ಹೊತ್ತಿಗೆ ಹೋಗಿ, ಬೇಕೆಂದೇ ಕೈಯಲ್ಲೇ ಇಡುತ್ತಿದ್ದರು. ಅಜ್ಞಾನವನ್ನು ಉಪ್ಪಿನ ಜೊತೆಗೇ ಶುದ್ಧಿ ಮಾಡುವ ಉದ್ದೇಶ.

ನಾನು ಹೇಳುತ್ತಿರುವ ವರ್ಷ ಖಂಡೇನವಮಿಯ ದಿನ ಸಂಗಪ್ಪ ಪ್ರಯೋಗದ ಕೋಣೆಯ ಸಾಮಾನಿಗೆಲ್ಲ ಪೂಜೆ ಮಾಡಿದ. ಬಡಿಗನು ಬಾಚಿ ಪೂಜಿಸುತ್ತಾನೆ, ನೇಕಾರನು ಮಗ್ಗ ಪೂಜಿಸುತ್ತಾನೆ, ಮಾಸ್ತರರ ಬಾಟಲಿಗಳು ಏನು ಪಾಪ ಮಾಡಿದ್ದವು? ಹಿಂದಿನ ದಿನವೇ ಎಲ್ಲವನ್ನೂ ತೊಳೆದು ಬಿಸಿಲಿಗಿಟ್ಟಿದ್ದ. ನವಮಿಯಂದು ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದ. ದಶಮಿಯ ಬೆಳಿಗ್ಗೆ ಮಾಸ್ತರರು ಪೂಜೆಯಿಂದ ಬಾಟಲಿ ತೆಗೆದುಕೊಂಡು ಕೆಲಸಕ್ಕೆ ಕುಳಿತರು. ನಾನೂ ಎದುರಿಗೆ ಕುಳಿತಿದ್ದೆ, ರಜೆಯಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ.

ಬೇರಿಯಂ ಎಂದು ಬರೆದ ಬಾಟಲಿಯಿಂದ ಎರಡು ಚಮಚ ಹಾಕಿದರು. ನೀರು ಹಾಲಿನ ಹಾಗಾಯಿತು. ಸೋಡಾ ಎಂದು ಬರೆದ ಬಾಟಲಿಯಿಂದ ಧಾರಾಳವಾಗಿ, ಮೇಲೊಂದು ಹಿಡಿ ಹಾಕಿದರು. ಮತ್ತೂ ಬೆಳ್ಳಗಾಯಿತು. ಸೋಸಿದರು. ತೇಜಾಬು ಬಿಟ್ಟರು. ಬುರುಗು ಬರಲಿಲ್ಲ. ಇನ್ನೆರಡು ಹನಿ ಬಿಟ್ಟರು. ಆಗಲೂ ಇಲ್ಲ.

"ಬುರುಗು ಎಲ್ರಿ ಮಾಸ್ತರ?" ಎಂದೆ.

"ಹೊಲಸು ಇದ್ದಲ್ಲಿ ಬುರುಗು ಬರತೈತಿ. ಇವತ್ತಿನ ಉಪ್ಪು ಎಷ್ಟು ಶುದ್ಧ ಆಗೇತಿ ಅಂದ್ರ ತೇಜಾಬಿಗೆ ಮಾಡಾಕ ಕೆಲಸನ ಉಳದಿಲ್ಲ. ಪುಣೆದಾಗಿನ ಪ್ರೊಫೆಸರ್ ಈಗ ನೋಡಬೇಕಿತ್ತು!"

ಮಧ್ಯಾಹ್ನ ಮೂರಕ್ಕೆ ಬೋಗುಣಿ ಒಣಗಿತು. ಸಂಜೆ ಇಪ್ಪತ್ತೊಂದು ಪೊಟ್ಟಣ ಊರೆಲ್ಲ ಹೋದವು. ಮನೆಗೂ ಒಂದು ಭರಣಿ ಹೋಯಿತು. ಬೆಳ್ಳಿಯ ಡಬ್ಬಿಯಲ್ಲಿ ಹಳೆಯ ಉಪ್ಪು ಇನ್ನೂ ಇದ್ದುದರಿಂದ ಅದನ್ನು ಮಾತ್ರ ಮುಟ್ಟಲಿಲ್ಲ. ಹಳತು ಮುಗಿಯದೆ ಹೊಸತು ತುಂಬುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ. ಅವರ ಪ್ರಾಣ ಉಳಿದದ್ದು ಅದರಿಂದಲೇ ಇರಬೇಕು.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಉಪ್ಪು ಹೇಗಿತ್ತು ಎಂದು ಕೇಳಿದರು. ಭಾಳ ಚಲೋ ಇತ್ತು ಎಂದೆ. ನನ್ನ ಹೆಂಡತಿ ಅದನ್ನು ಪೊಟ್ಟಣ ಸಮೇತ ಕೂಸಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದ್ದಳು. ಸುಳ್ಳು ಹೇಳಿದ ಸಂಕೋಚಕ್ಕೆ ಮಾತು ಬೆಳೆಸಿದೆ.

"ಅಲ್ರಿ, ಫೌಜದಾರನ್ನ ಹೊರಗ ಹಾಕಿದ ಸೋಡಾ ತಾ ಹೋಗುವಾಗ ಬುರುಗು ಬಿಟ್ಟು ಹೋಗತೈತಿ ಅಂತೀರಿ. ನಿನ್ನಿ ಬುರುಗ ಬರಲಿಲ್ಲ. ಅಂದ್ರ ನೀರಾಗ ಸೋಡಾನ ಇರಲಿಲ್ಲ. ಹಂಗಾರ ನಿಮ್ಮ ಫೌಜದಾರ ಎಲ್ಲಿ ಹೋದ್ರಿ?"

ಕಾಲೆಳೆಯಲೆಂದು ಅಂದದ್ದು. ಮಾಸ್ತರರು ನಗಲು ಬಾಯಿ ತೆರೆದರು. ಅದು ಹಾಗೆಯೇ ತೆರೆದುಕೊಂಡು ಉಳಿಯಿತು. ಆಮೇಲೆ ರುಮಾಲನ್ನು ಕಟ್ಟೆಯ ಮೇಲೇ ಬಿಟ್ಟು ಶಾಲೆಯ ಕಡೆಗೆ ಓಡಿದರು. ಬರಿದಲೆಯಲ್ಲಿ ಅವರನ್ನು ನಾನು ನೋಡಿದ್ದು ಅಂದೇ ಮೊದಲು. ರುಮಾಲು ಹಿಡಿದು ಹಿಂದೆ ಓಡಿದೆ.

ಕೋಣೆಯಲ್ಲಿ ನಿನ್ನೆಯ ಉಪ್ಪಿನ ನಾಲ್ಕು ಕಾಳು ನೀರಿಗೆ ಹಾಕಿ, ಗಂಧಕದ ತೇಜಾಬಿನ ಒಂದು ಹನಿ ಬಿಟ್ಟರು. ತಿಳಿಯಾಗಿರಬೇಕಾದ ನೀರು ಮಜ್ಜಿಗೆಯಾಯಿತು. ಗಂಧಕವನ್ನು ತಬ್ಬಿಕೊಳ್ಳುವ ಬೇರಿಯಂ ಹೋಗಿಲ್ಲ, ಅಲ್ಲೇ ಇದೆ. ಎರಡು ಬಾಟಲಿ ಎತ್ತಿ ನೋಡಿದರು. ತೊಳೆಯುವಾಗ ಚೀಟಿಗಳು ಕಳಚಿಬಿದ್ದಿವೆ. ಓದು ಬಾರದ ಸಂಗಪ್ಪ ಪೂಜೆಗೆ ಲೋಪವಾಗಬಾರದೆಂದು ಗಂಜಿ ಹಚ್ಚಿ ಮತ್ತೆ ಅಂಟಿಸಿದ್ದಾನೆ, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಎರಡರಲ್ಲೂ ಬಿಳಿಯ ಪುಡಿಯೇ. ಮಾಸ್ತರರು ಸೋಡಾ ಮೊದಲು ಹಾಕಿ, ವಿಷವನ್ನು ಕೊನೆಗೆ ಹಾಕಿ, ಮೇಲೊಂದು ಹಿಡಿ ಸೇರಿಸಿ, ಊರಿಗೆ ಹಂಚಿಬಂದಿದ್ದರು.

"ಸಂಗ್ಯಾ!" ಎಂದು ಕೂಗಿದರು. ಸಂಗಪ್ಪ ಇರಲಿಲ್ಲ. ಹಬ್ಬಕ್ಕೆಂದು ಹಿಂದಿನ ಸಂಜೆಯೇ ತುಳಸಿಗೇರಿಗೆ ಹೋಗಿದ್ದ.

ಮೊದಲು ಅವರ ಮನೆಗೇ ಓಡಿದೆವು. ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ಮಾಸ್ತರರಿಗೆ ಉಸಿರು ಹತ್ತುತ್ತಿರಲಿಲ್ಲ.

"ಆ ಭರಣಿ... ನಿನ್ನಿದು... ಪಲ್ಲೆಕ್ಕ ಹಾಕಿದೇನು?"

"ಇಲ್ರಿ."

"ಸಾರಿಗೆ?"

ಆ ತಾಯಿ ತವೆಯ ಮೇಲಿನ ರೊಟ್ಟಿ ತಿರುವಿಹಾಕಿ ಹೇಳಿದರು: "ನಿಮ್ಮ ಉಪ್ಪು ನಾ ಎಂದೂ ಒಲಿ ಹತ್ರ ತಂದಿಲ್ರಿ. ನೀವು ಸಿಟ್ಟಾದ್ರೂ ಅಡ್ಡಿ ಇಲ್ಲ. ಪ್ಯಾಟಿ ಉಪ್ಪ ಹಾಕತೇನಿ. ಅದಕ್ಕ ರುಚಿ ಐತಿ."

ಹನ್ನೊಂದು ವರ್ಷದಿಂದ ಮಾಸ್ತರರು ಊಟಕ್ಕೆ ಕುಳಿತಾಗಲೆಲ್ಲ ಸಾರು ಸುರ್ರನೆ ಕುಡಿದು, "ನೋಡು, ಶುದ್ಧ ಉಪ್ಪಿನ ರುಚಿ!" ಎನ್ನುತ್ತಿದ್ದರು. ಅದನ್ನು ನಾನೂ ಅವರ ಮನೆಯಲ್ಲಿ ಉಂಡಾಗ ಕೇಳಿದ್ದೇನೆ. ಈಗ ಅವರು ಭರಣಿ ಎತ್ತಿಕೊಂಡು ಹೊರಬಿದ್ದರು. ನನ್ನ ಮನೆಯ ಒಲೆಯ ಕಥೆಯನ್ನೂ ನಾನು ದಾರಿಯಲ್ಲೇ ಹೇಳಿಬಿಟ್ಟೆ. ಪೆಟ್ಟು ಒಟ್ಟಿಗೇ ಬೀಳಲಿ ಎಂದು.

ಆಮೇಲೆ ಮನೆಮನೆಗೆ ಹೋದೆವು. ಕೊಟ್ಟ ಉಪ್ಪನ್ನು ತಿರುಗಿ ಕೇಳುವುದಕ್ಕಿಂತ ದೊಡ್ಡ ಅಮಂಗಳ ನಮ್ಮ ಕಡೆ ಇಲ್ಲ. ಮಾಸ್ತರರು ಬಾಗಿಲಲ್ಲಿ ನಿಂತು, ವಿಷ ಎಂಬ ಮಾತನ್ನು ನುಂಗಿ, "ಇನ್ನೊಂದು ಸಲ ಶುದ್ಧ ಮಾಡೂದು ಉಳದೈತ್ರಿ" ಎನ್ನುತ್ತಿದ್ದರು. ಖರೆ ಹೇಳ್ರಿ ಎಂದು ನಾನು ಹಿಂದಿನಿಂದ ಕೋಟು ಜಗ್ಗುತ್ತಿದ್ದೆ. ಇಳಕಲ್ ಸೀರೆಯ ವ್ಯಾಪಾರಿಯ ಮನೆಯಲ್ಲಿ ಅವನ ತಾಯಿ ಒಳಗಿನಿಂದ ಒಂದು ಬುಟ್ಟಿಯನ್ನೇ ತಂದು ಮುಂದಿಟ್ಟಳು. ದಾರ ಕೂಡ ಬಿಚ್ಚದ ಪೊಟ್ಟಣಗಳು ಸಾಲಾಗಿ ಕುಳಿತಿದ್ದವು.

"ಯಾವ ವರ್ಷದ್ದು ಬೇಕ್ರಿ?" ಎಂದಳು.

ಪೋಸ್ಟ್‌ಮಾಸ್ತರರ ಮನೆಯಲ್ಲಿ ಅದರಿಂದ ತಾಮ್ರದ ಹಂಡೆ ತಿಕ್ಕುತ್ತಿದ್ದರಂತೆ, ಹೊಳಪು ಭಾಳ ಬರುತ್ತದೆ ಎಂದು ಹೊಗಳಿದರು. ಇನ್ನೊಂದು ಮನೆಯಲ್ಲಿ ಇರುವೆ ಬಾರದಿರಲೆಂದು ಹೊಸ್ತಿಲಿಗೆ ಸುರಿದಿದ್ದರು. ಹೆಡ್‌ಮಾಸ್ತರರು ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದರು. ಯಾರೂ ತಿಂದಿರಲಿಲ್ಲ. ಯಾವ ವರ್ಷವೂ ಯಾರೂ ತಿಂದಿರಲಿಲ್ಲ. ಪ್ರತಿ ಬಾಗಿಲಲ್ಲಿ ಮಾಸ್ತರರ ಮುಖದ ಮೇಲೆ ಮೊದಲು ಜೀವ ಬರುತ್ತಿತ್ತು, ಬೆನ್ನಿಗೇ ಅವಮಾನ ಬರುತ್ತಿತ್ತು. ನಾನು ನಗು ತಡೆದುಕೊಂಡು ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡೆ.

ಕೊನೆಯ ಮನೆ ದವಾಖಾನೆಯ ಕಂಪೌಂಡರ್ ಇಮಾಮಸಾಹೇಬರದು. ಅಜ್ಜನ ಕಾಲದಿಂದ ಅವರ ಮನೆತನ ಊರಿಗೆ ಔಷಧ ಅರೆದುಕೊಡುತ್ತ ಬಂದಿತ್ತು. ಅವರ ಮುಂದೆ ಮತ್ತೊಂದು ಸಲ ಶುದ್ಧಿಯ ಕಥೆ ನಡೆಯಲಿಲ್ಲ.

"ಏನ್ ಬಿದ್ದೈತ್ರಿ ಇದರಾಗ?"

"ಬೇರಿಯಂ," ಎಂದರು ಮಾಸ್ತರರು, ಕಿವಿಯಲ್ಲಿ ಹೇಳುವಷ್ಟು ಸಣ್ಣ ದನಿಯಲ್ಲಿ.

"ಯಾ ಅಲ್ಲಾ! ಯಾರರೆ ತಿಂದಾರೇನು?"

"ಇಲ್ಲ."

"ತಿಂದಿದ್ರ ತಡಾ ಮಾಡಬ್ಯಾಡ್ರಿ. ಭೇದಿ ಉಪ್ಪು ಕುಡಸಬೇಕು. ಅದು ಹೊಟ್ಟ್ಯಾಗ ಬೇರಿಯಂ ಹಿಡದು ಕೂಡಸತೈತಿ. ಭೇದಿ ಉಪ್ಪು ಅಂದ್ರ ನೀವು ದಿನಾ ಬೈದು ಹೊರಗ ಹಾಕ್ತೀರಲ್ರಿ, ಮ್ಯಾಗ್ನೇಸಿಯ, ಗಂಧಕ, ಅವ ಎರಡೂ ಕೂಡಿದ್ದ. ನಿಮ್ಮ ಕಳ್ಳರ."

ಇಪ್ಪತ್ತೊಂದರ ಲೆಕ್ಕ ಮುಗಿಯಿತು. ಶಾಲೆಯ ಮೆಟ್ಟಿಲ ಮೇಲೆ ಕುಳಿತೆವು. ಅರ್ಧ ತಾಸಿನಲ್ಲಿ ಮಾಸ್ತರರು ಮತ್ತೆ ಮೊದಲಿನಂತಾದರು. "ದಡ್ಡ ಊರು! ಶುದ್ಧ ವಸ್ತು ಮನಿ ಬಾಗಲಿಗೆ ಬಂದ್ರ ಹಂಡೆ ತಿಕ್ಕತಾವ!" ಎಂದು ಬೈಯತೊಡಗಿದರು. ಊರು ಜಾಣತನ ತೋರಿಸಿದ್ದರೆ ಈ ಹೊತ್ತಿಗೆ ಇಪ್ಪತ್ತೊಂದು ಮನೆಯಲ್ಲಿ ಅಳು ಎದ್ದಿರುತ್ತಿತ್ತು ಎಂದು ನಾನು ಹೇಳುವವನಿದ್ದೆ. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಪ್ರಯೋಗದ ಕೋಣೆಯ ಮೂಲೆಯಲ್ಲಿ ಕವಿಚಿಟ್ಟ ಬೋಗುಣಿ ಕಣ್ಣಿಗೆ ಬಿತ್ತು. ಥಳಥಳ ಹೊಳೆಯುತ್ತಿತ್ತು.

ಉಪ್ಪು ಒಣಗಿದಾಗ ಬೋಗುಣಿಯ ತಳಕ್ಕೆ ಒಂದು ಗಟ್ಟಿ ಪದರ ಹಿಡಿದಿರುತ್ತದೆ. ಮಾಸ್ತರರು ಮೇಲಿನ ಪುಡಿಯನ್ನು ತೆಗೆದುಕೊಂಡು ಎದ್ದುಬಿಡುತ್ತಿದ್ದರು. ಆ ಪದರವನ್ನು ಸಂಗಪ್ಪ ಚಮಚದಿಂದ ಕೆರೆದು, ಮುತ್ತಲ ಎಲೆಯಲ್ಲಿ ಕಟ್ಟಿ, ಕಣ್ಣಿಗೆ ಒತ್ತಿಕೊಂಡು ಪಂಚೆಯ ತುದಿಗೆ ಗಂಟು ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಮಾಸ್ತರರು ನೋಡಿರಲಿಲ್ಲ. ಬೋಗುಣಿಯನ್ನು ಯಾರು ತೊಳೆಯುತ್ತಾರೆ ಎಂಬ ಪ್ರಶ್ನೆ ಹನ್ನೊಂದು ವರ್ಷದಲ್ಲಿ ಅವರಿಗೆ ಬಂದಿರಲಿಲ್ಲ.

ನಾನು ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ತಳದಲ್ಲೇ ವಿಷ ಹೆಚ್ಚು.

ಮತ್ತೆ ಇಮಾಮಸಾಹೇಬರ ಮನೆಗೆ ಓಡಿದೆವು. ಅವರು ಒಂದು ಮಾತೂ ಕೇಳದೆ ಭೇದಿ ಉಪ್ಪಿನ ಸೀಸೆ ತುಂಬಿಕೊಂಡು ನಮ್ಮ ಜೊತೆ ಟಾಂಗಾ ಹತ್ತಿದರು. ತುಳಸಿಗೇರಿ ಒಂದು ತಾಸಿನ ಮೇಲಿನ ದಾರಿ. ಆ ಒಂದು ತಾಸು ಮಾಸ್ತರರು ಬಾಯಿ ಮುಚ್ಚಲಿಲ್ಲ. ಬಾಟಲಿ ತೊಳಿ ಅಂತ ಅವಗ ಯಾರು ಹೇಳಿದ್ರು? ರಸಾಯನಕ್ಕ ವಿಭೂತಿ ಯಾಕ ಬೇಕು? ಅಕ್ಷರ ಬರದಾವ ಚೀಟಿ ಯಾಕ ಹಚ್ಚಬೇಕು? ಕೇಳದ ಬೋಗುಣಿ ಯಾಕ ಕೆರೀಬೇಕು? ಎಲ್ಲ ತಪ್ಪನ್ನೂ ಒಂದೊಂದಾಗಿ ಸಂಗಪ್ಪನ ತಲೆಯ ಮೇಲೆ ಹೊರಿಸಿ, ಕಟ್ಟಿ, ಬಿಗಿದರು. ಇಮಾಮಸಾಹೇಬರು ಕಡೆಗೆ, "ಮಾಸ್ತರ್ರ, ಅಂವ ಜೀವಂತ ಸಿಕ್ರ ಬೈಯೂಣಂತ್ರಿ" ಎಂದರು. ಆಮೇಲೆ ಮಾಸ್ತರರು ಕುದುರೆ ಓಡಿಸು ಎಂದು ಟಾಂಗಾದವನಿಗೆ ಅವಸರ ಮಾಡತೊಡಗಿದರು.

ಸಂಗಪ್ಪ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಬಿದ್ದಿದ್ದ. ನಸುಕಿನಲ್ಲಿ ಆ ಉಪ್ಪು ಹಚ್ಚಿಕೊಂಡು ಎರಡು ರೊಟ್ಟಿ ತಿಂದಿದ್ದನಂತೆ. ಆಮೇಲೆ ವಾಂತಿ, ಭೇದಿ. ಈಗ ಕಾಲು ಸೋತು ಎತ್ತಲು ಬರುತ್ತಿರಲಿಲ್ಲ. ಹೆಂಡತಿ ಮಕ್ಕಳು ಸುತ್ತ ಕುಳಿತು ಅಳುತ್ತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಆ ಉಪ್ಪಿನ ಬೆಲೆ ಹುಡುಗರಿಗೆ ತಿಳಿಯುವುದಿಲ್ಲವೆಂದು ಅವನು ಯಾರಿಗೂ ಕೊಡುತ್ತಿರಲಿಲ್ಲ. ಇಮಾಮಸಾಹೇಬರು ತಲೆಯೆತ್ತಿ ಹಿಡಿದು ಭೇದಿ ಉಪ್ಪಿನ ನೀರು ಕುಡಿಸಿದರು. ಅರ್ಧ ಹೊರಗೆ ಬಂತು. ಮತ್ತೆ ಕುಡಿಸಿದರು.

ಸಂಗಪ್ಪ ಕಣ್ಣು ತೆರೆದ. ಬಾಗಿಲಲ್ಲಿ ನಿಂತ ಮಾಸ್ತರರನ್ನು ನೋಡಿ ಏಳಲು ಹೋದ. ಆಗಲಿಲ್ಲ. ಮಲಗಿಕೊಂಡೇ ಕೈ ಮುಗಿದ.

"ತಪ್ಪಾತ್ರಿ ಮಾಸ್ತರ್ರ. ಉಪ್ಪಿಂದೇನೂ ತಪ್ಪಿಲ್ರಿ, ಅದು ಶುದ್ಧ ಐತಿ. ನಂದ ಹೊಟ್ಟಿ ಹೊಲಸ್ರಿ. ಹುಟ್ಟಿದಾಗಿಂದ ರಾಡಿ ತಿಂದೈತಿ. ಇಷ್ಟು ಶುದ್ಧ ಅದಕ್ಕ ತಡಕೊಳ್ಳಾಕ ಆಗಲಿಲ್ರಿ."

ಟಾಂಗಾದಲ್ಲಿ ಕಟ್ಟಿ ಬಿಗಿದು ತಂದ ಮಾತುಗಳನ್ನು ಬಾಗಿಲಲ್ಲೇ ಬಿಟ್ಟು ಮಾಸ್ತರರು ಹೋಗಿ ಕಂಬಳಿಯ ಅಂಚಿಗೆ ಕುಳಿತರು. ಆ ಸೋತ ಕಾಲುಗಳನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದರು. ಸಂಗಪ್ಪ ಬಿಡ್ರಿ ಬಿಡ್ರಿ ಎಂದು ಒದ್ದಾಡಿದ. ಕಾಲು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

"ನಿನ್ನ ಹೊಟ್ಟಿ ಚಲೋ ಐತೋ ಸಂಗಪ್ಪ," ಎಂದರು. "ಉಪ್ಪಿನ್ಯಾಗ ವಿಷ ಇತ್ತು. ಬುರುಗು ಬರಲಿಲ್ಲ. ಅದನ್ನ ನೋಡಿನೂ ನಾ ಬಿಟ್ಟೆ. ತಪ್ಪು ನಂದು."

ಹೀಗೊಂದು ವಾಕ್ಯ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದೆ. ಅವರ ಮೇಲೆ ನನಗಿದ್ದ ಹನ್ನೊಂದು ವರ್ಷದ ಸಿಟ್ಟು, ಪದ್ಯ ಕುದಿಸಿದ ಸಿಟ್ಟೂ ಸೇರಿ, ಅಲ್ಲೇ ಇಳಿದುಹೋಯಿತು. ನನಗೆ ಅಳು ಬಂತು. ಸಂಗಪ್ಪ ಮಾತ್ರ ದಣಿದ ಮುಖದಲ್ಲಿ ನಕ್ಕು, "ದೊಡ್ಡಾವರು ನೀವು, ಹಂಗ ಅಂತೀರಿ" ಎಂದು ಕಣ್ಣು ಮುಚ್ಚಿದ.

ಅವನು ಉಳಿದ. ಹದಿನೈದು ದಿನಕ್ಕೆ ಎದ್ದು ಓಡಾಡಿದ. ಆದರೆ ಕಥೆಯನ್ನು ಊರಿಗೆ ಹೇಳಿದವನು ಅವನೇ. ಮಾಸ್ತರರು ಆ ಸಲ ಮಾಡಿದ ಉಪ್ಪು ಎಂಥ ಶುದ್ಧ ಇತ್ತೆಂದರೆ ಮನುಷ್ಯರ ಹೊಟ್ಟೆಗೆ ತಡೆಯಲಿಲ್ಲ ಎಂದ. ಊರು ಅದನ್ನು ನಂಬಿತು. ಮಾಸ್ತರರು ಪೇಟೆಯಲ್ಲಿ ಸಿಕ್ಕವರನ್ನು ನಿಲ್ಲಿಸಿ ನಿಲ್ಲಿಸಿ, ಅದು ಶುದ್ಧವಿರಲಿಲ್ಲ, ವಿಷವಾಗಿತ್ತು, ನಾ ತಪ್ಪಿದೆ ಎಂದು ಹೇಳುತ್ತಿದ್ದರು. ಎಂಥ ವಿನಯ ಎಂದು ಜನ ತಲೆದೂಗುತ್ತಿದ್ದರು. ಹನ್ನೊಂದು ವರ್ಷ ಅವರು ಖರೆ ಹೇಳಿದಾಗ ನಗುತ್ತಿದ್ದ ಊರು, ಈಗ ಖರೆ ಹೇಳಿದರೆ ಕೈ ಮುಗಿಯುತ್ತಿತ್ತು. ಎರಡು ಸಲವೂ ಕೇಳಿಸಿಕೊಳ್ಳಲಿಲ್ಲ. ಅವರು ಉಪ್ಪು ಮಾಡುವುದನ್ನು ಬಿಟ್ಟರು.

ಮುಂದಿನ ಬೇಸಿಗೆ ಬರುವ ಮೊದಲು ಒಂದು ದಿನ ನಾವಿಬ್ಬರೂ ಪ್ರಯೋಗದ ಕೋಣೆಯಲ್ಲಿದ್ದೆವು. ಸಂಗಪ್ಪ ಕಸ ಗುಡಿಸುತ್ತ ಬಂದವನು ಬೋಗುಣಿಯ ಹತ್ತಿರ ನಿಂತ. ಬಹಳ ಹೊತ್ತು ಸಂಕೋಚಪಟ್ಟು ಕೇಳಿದ.

"ಮತ್ತ ಯಾವಾಗ ಮಾಡ್ತೀರಿ ಮಾಸ್ತರ್ರ? ಈ ಸಲ ನಾ ಎರಡು ದಿನಾ ಉಪಾಸ ಇದ್ದು, ಹೊಟ್ಟಿ ಪೂರಾ ತೊಳಕೊಂಡು ತಿಂತೇನ್ರಿ. ಏನೂ ಆಗಂಗಿಲ್ಲ."

ಮಾಸ್ತರರು ಎದ್ದು ಬಂದು ಅವನ ಮುಂದೆ ಎರಡೂ ಕೈ ಜೋಡಿಸಿ ನಿಂತರು. ತಾನು ಏನೋ ದೊಡ್ಡ ಅಪರಾಧ ಮಾಡಿದೆನೆಂದು ಸಂಗಪ್ಪ ಗಾಬರಿಯಾದ. ಕಸಬರಿಗೆ ಬಿಟ್ಟು ಅವರ ಕಾಲಿಗೆ ಬಿದ್ದ.